ವೀರಗಲ್ಲಿನ ಮೇಲಣ ಲೋಕ

ಕಲಬುರಗಿಯ ಖೂಬಾ ಪ್ಲಾಟಿನಿಂದ ಹೊರಟು ಸೇಡಂ ದಾರಿಯನ್ನು ಹಿಡಿದವರಿಗೆ ಸುಮಾರು 40 ಕಿಲೋಮೀಟರುಗಳ ಆಚೆ, ಕಾಗಿಣಾ ನದಿಯ ದಡದಲ್ಲಿ, ಮಳಖೇಡದ ಕೋಟೆಯು ಗೋಚರವಾಗುತ್ತದೆ. ಪೂರ್ವದಲ್ಲಿ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಮಾನ್ಯಖೇಟವು ಇದೇ ಎಂಬುದೂ, ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತೆಂಬುದೂ ವಾಚಕರಿಗೆ ವಿದಿತವೇ ಇದೆ. ಆದರೆ ಮಾನ್ಯಖೇಟದ ಪ್ರಸ್ತಾಪದಲ್ಲಿ ಕಾವ್ಯಲಕ್ಷಣದ ಮಾತು ಬಂದಷ್ಟು ಸಲ ಕತ್ತಿಯ ಮಾತು ಬರುವುದಿಲ್ಲ. ಈ ಊರಿನ ಸಿಂಹಾಸನಕ್ಕಾಗಿ ದೂರದೇಶದಲ್ಲಿ ನಡೆದ ಒಂದು ಮಹಾಯುದ್ಧದ ಸ್ಮರಣೆಯು, ವಿಚಿತ್ರವೆಂದರೆ, ಒಂದು ನಾಯಿಯ ಕಲ್ಲಿನ ಮೇಲೆ ಉಳಿದುಬಂದಿದೆ.

ಆ ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲವು ಶಕ 872ನೆಯ ಸೌಮ್ಯ ಸಂವತ್ಸರ, ಅಂದರೆ ಕ್ರಿ. ಶ. 949-50. ಮಾನ್ಯಖೇಟದ ಮೂರನೆಯ ಕೃಷ್ಣನು, ಶಾಸನಗಳ ಕನ್ನರದೇವನು, ತಕ್ಕೋಲದಲ್ಲಿ ಚೋಳರನ್ನು ಎದುರಿಸಿದನು. ಆ ಯುದ್ಧದಲ್ಲಿ ಅವನ ಪಕ್ಷದ ಗಂಗರಾಜನಾದ ಬೂತುಗನು ಚೋಳ ಯುವರಾಜನಾದ ರಾಜಾದಿತ್ಯನನ್ನು ಕೊಂದನು. ಚಕ್ರವರ್ತಿಯು ಸಂತೋಷಪಟ್ಟು ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನಾದರೋ ತನ್ನ ಕಣ್ಣೆದುರಿನಲ್ಲಿ ಕಾದಿದ ಮಣಲೇರನೆಂಬ ಭಟನನ್ನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯನ್ನು ಕೇಳಿಕೊಂಡನು. ಊರುಗಳು ಬಾಳ್ಗಚ್ಚಾಗಿ ಬೇರೆಯಾಗಿಯೇ ಬಂದವೆನ್ನಿ. ಆ ಬಳಿಕ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಣ ಗದ್ದೆಯನ್ನು ಬಿಟ್ಟರು. ಕಲ್ಲಿನ ನೆತ್ತಿಯಲ್ಲಿ ಇಂದಿಗೂ ನಾಯಿಹಂದಿಗಳು ಕಾದುತ್ತಿವೆ. ಸುತ್ತಲೂ ಚಕ್ರವರ್ತಿಯ ದಿಗ್ವಿಜಯದ ಅಕ್ಷರಗಳಿವೆ. ಭೂಪತಿಗಳ ಕೀರ್ತಿಯು ನಾಯಿಯ ಬಾಲವನ್ನು ಹಿಡಿದು ಸಾವಿರ ವರ್ಷ ದಾಟಿದ ನಿದರ್ಶನವು ಮತ್ತೊಂದಿರಲಾರದು.

ಪಶ್ಚಿಮ ಸಮುದ್ರದ ಕೊನೆಯಲ್ಲಿರುವ ಐರ್ಲೆಂಡಿನ ಪ್ರಾಚೀನ ವೀರಕಥೆಗಳನ್ನು ಓದಿದವರಿಗೆ ಈ ಶಾಸನದಿಂದ ಒಂದು ಸಂಗತಿಯು ನೆನಪಿಗೆ ಬಾರದಿರದು. ಆ ದೇಶದ ವೀರಾಗ್ರಣಿಯ ಹೆಸರೇ ನಾಯಿ. ಸೆಟಂಟ ಎಂಬ ಬಾಲಕನು ಕುಲನ್ ಎಂಬ ಕಮ್ಮಾರನ ಮನೆಗೆ ತಡವಾಗಿ ಬಂದಾಗ ಕಾವಲುನಾಯಿಯು ಮೇಲೆ ಬಿದ್ದಿತು; ಬಾಲಕನು ಆತ್ಮರಕ್ಷಣೆಗಾಗಿ ಅದನ್ನು ಕೊಂದನು. ಮನೆಗೂ ದನಕ್ಕೂ ಇನ್ನಾರು ದಿಕ್ಕೆಂದು ಕಮ್ಮಾರನು ಗೋಳಿಡಲು, ಅದರ ಮರಿಯು ಬೆಳೆಯುವ ತನಕ ತಾನೇ ನಾಯಾಗಿ ಕಾಯುವೆನೆಂದು ಹುಡುಗನು ಮಾತು ಕೊಟ್ಟನು. ಅಂದಿನಿಂದ ಅವನು ಕೂಹುಲಿನ್, ಕುಲನನ ನಾಯಿ. ‘ಕೂ’ ಎಂಬುದು ಸಂಸ್ಕೃತದ ಶ್ವನ್ ಶಬ್ದದ ದೂರದ ಬಂಧುವೇ ಆಗಿದೆ. ನಾಯಿಯ ಮಾಂಸವನ್ನು ತಿನ್ನಬಾರದೆಂಬುದು ಅವನಿಗಿದ್ದ ನಿಯಮ. ಸಾವಿನ ದಿನ ಮೂವರು ಮುದುಕಿಯರು ದಾರಿಯಲ್ಲಿ ಅದನ್ನೇ ಬೇಯಿಸಿ ಆತಿಥ್ಯಕ್ಕೆ ಕರೆದರು. ಬಡವರ ಅನ್ನವನ್ನು ಒಲ್ಲೆನೆನ್ನಲಾರದೆ ಅವನು ತಿಂದನು. ತಿಂದ ಕೈಯ ಬಲವು ಉಡುಗಿತು. ಅಲ್ಲಿ ಮನುಷ್ಯನು ನಾಯಾಗಿ ವೀರನಾದನು. ಇಲ್ಲಿ ನಾಯಿಯು ನಾಯಾಗಿದ್ದುಕೊಂಡೇ ಮನುಷ್ಯರ ವೀರಗಲ್ಲನ್ನು ಪಡೆಯಿತು.

ಹೋಲಿಕೆಯು ನಾಯಿಗೇ ನಿಂತಿದ್ದರೆ ಕಾಕತಾಳೀಯವೆಂದು ಬಿಟ್ಟುಬಿಡಬಹುದಾಗಿತ್ತು. ಐರ್ಲೆಂಡಿನ ವೀರಕಾವ್ಯಗಳಲ್ಲಿ ಶಿರೋಮಣಿಯಾದ ‘ತಾಯಿನ್ ಬೋ ಕೂಲಿ’ ಎಂಬುದರ ಅರ್ಥವೇ ಕೂಲಿ ಸೀಮೆಯ ದನಗಳ ಅಪಹರಣ ಎಂದು. ಕನ್ನಡದ ಶಾಸನಭಾಷೆಯಲ್ಲಿ ಅದು ತುರುಗೊಳ್, ವ್ಯಾಸಭಾರತದಲ್ಲಿ ಗೋಗ್ರಹಣ. ಕೊನಾಕ್ಟಿನ ರಾಣಿಯಾದ ಮೇವ್ ಎಂಬವಳೂ ಅವಳ ಪತಿಯೂ ಹಾಸಿಗೆಯಲ್ಲಿ ಕುಳಿತು ತಂತಮ್ಮ ಸ್ತ್ರೀಧನ ಪುರುಷಧನಗಳನ್ನು ಎಣಿಸಿ ನೋಡಿದಾಗ, ಪತಿಯಲ್ಲಿ ಒಂದು ಬಿಳಿಯ ಗೂಳಿಯು ಹೆಚ್ಚಾಗಿತ್ತು. ಅದಕ್ಕೆ ಸಮನಾದ ಕಂದುಗೂಳಿಯು ಅಲ್‌ಸ್ಟರ್ ನಾಡಿನಲ್ಲಿದೆಯೆಂದು ಅವಳು ದಂಡನ್ನೇ ತೆಗೆದುಕೊಂಡು ಹೊರಟಳು. ಅಲ್‌ಸ್ಟರಿನ ಭಟರೆಲ್ಲರೂ ಮಾಹಾ ದೇವಿಯ ಶಾಪದಿಂದ ಹೆರಿಗೆಯ ನೋವಿನಂತಹ ದೌರ್ಬಲ್ಯಕ್ಕೆ ಒಳಗಾಗಿ ಮಲಗಿದ್ದ ಕಾರಣ, ಗಡಿಯ ಹೊಳೆಗಳ ಕಡವುಗಳಲ್ಲಿ ನಿಂತು ಒಬ್ಬೊಬ್ಬರನ್ನಾಗಿ ತಡೆಯುವ ಭಾರವು ಕೂಹುಲಿನನೊಬ್ಬನ ಮೇಲೆ ಬಿದ್ದಿತು. ವಿರಾಟನಗರದಲ್ಲಿ ಅರಸನು ದಕ್ಷಿಣ ಗೋಗ್ರಹಣಕ್ಕೆ ಹೋಗಿ ಊರು ಬರಿದಾಗಿದ್ದಾಗ ಉತ್ತರದಲ್ಲಿ ಕೌರವಸೇನೆಯನ್ನು ತಡೆದ ಬೃಹನ್ನಳೆಯ ಚಿತ್ರವೂ ಇದೇ ತೆರನಲ್ಲವೆ? ಆದರೆ ಅರ್ಜುನನಿಗೆ ಆ ದಿನ ಗುರುಹಿರಿಯರಿಗೆ ವಂದಿಸುವ ಬಾಣಗಳೂ ಸಮ್ಮೋಹನಾಸ್ತ್ರವೂ ಇದ್ದವು. ಕೂಹುಲಿನನಿಗೆ ಅಂತಹ ಅನುಕೂಲವಿರಲಿಲ್ಲ. ಒಂದೇ ಗುರುಕುಲದಲ್ಲಿ ಕೂಡಿ ಬೆಳೆದ ಫೆರ್ಡಿಯಾ ಎಂಬ ಮಿತ್ರನನ್ನು ಕಡವಿನ ನೀರಿನಲ್ಲಿ ಕೊಂದು, ಹೆಣವನ್ನು ತನ್ನ ಕಡೆಯ ದಡಕ್ಕೆ ಹೊತ್ತು ತಂದು ಅಳಬೇಕಾಯಿತು.

ಇಂತಹ ಸಾಮ್ಯವನ್ನು ಕಂಡೊಡನೆ ಪಂಡಿತರಾದವರಿಗೆ ಭಾಷಾಬಂಧುತ್ವದ ನೆನಪಾಗುವುದು ಸಹಜ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಏಕಮೂಲವನ್ನು ಸೂಚಿಸಿದಾಗಲೇ ಕೆಲ್ಟಿಕ್ ಭಾಷೆಯನ್ನೂ ಆ ಸಾಲಿಗೆ ಸೇರಿಸಬಹುದೆಂದಿದ್ದನು. ಐರಿಷಿನ ‘ರೀ’ ನಮ್ಮ ರಾಜಶಬ್ದಕ್ಕೂ, ‘ಬೋ’ ಗೋಶಬ್ದಕ್ಕೂ ಬಂಧುಗಳೆಂಬುದು ನಿರ್ವಿವಾದ. ಆದರೂ ಧ್ವನಿಸಾಮ್ಯಕ್ಕೆ ಮರುಳಾಗಬಾರದು. ಅಲ್ಲಿಯ ಬಾಯ್ನ್ ನದಿಯನ್ನು ಟಾಲೆಮಿಯು ಬುವಿಂದ ಎಂದು ಕರೆದಿರುವುದನ್ನು ನೋಡಿ ‘ಗೋವಿಂದ’ನೇ ಅಲ್ಲಿಗೆ ಹೋದನೆಂದು ಹಿಗ್ಗಿದವರಿದ್ದರೆ ಅವರು ತಾಳಬೇಕು: ಆ ವಿಂದಕ್ಕೆ ಬಿಳುಪೆಂದು ಅರ್ಥ, ಈ ವಿಂದಕ್ಕೆ ಪಡೆಯುವವನೆಂದು. ಪ್ರೇತಗಳೂ ದೇವತೆಗಳೂ ಹೊರಗೆ ಬರುವ ಅವರ ಹಬ್ಬವನ್ನು ‘ಸಾವಿನ್’ ಎಂದು ಉಚ್ಚರಿಸುತ್ತಾರೆಂದು ಕನ್ನಡದ ಸಾವಿಗೆ ಗಂಟು ಹಾಕುವುದೂ ಅಷ್ಟೇ ಹಾಸ್ಯಾಸ್ಪದ.

ಅಲ್ಲದೆ ವೀರಗಲ್ಲೆಂಬುದು ಸಂಸ್ಕೃತದ ಸಂತಾನವೂ ಅಲ್ಲ. ತಮಿಳಿನ ತೊಲ್ಕಾಪ್ಪಿಯವು ದನ ಹಿಡಿಯುವುದಕ್ಕೊಂದು ತಿಣೆಯನ್ನೂ ಬಿಡಿಸುವುದಕ್ಕೊಂದು ತುರೈಯನ್ನೂ ಹೇಳಿ, ಕಲ್ಲು ನೆಡುವ ವಿಧಿಯನ್ನು ವಿಸ್ತರಿಸುತ್ತದೆ. 2006ರಲ್ಲಿ ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ ದೊರೆತ ತಮಿಳು ಬ್ರಾಹ್ಮೀಲಿಪಿಯ ಕಲ್ಲು ಕ್ರಿಸ್ತಪೂರ್ವದ್ದು. ಅದರಲ್ಲಿಯೂ ದನಗಳ ಅಪಹರಣದ ಮಾತೇ ಇದೆ. ಕಲಬುರಗಿಯ ಸೀಮೆಯಲ್ಲಿಯೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಶಾತವಾಹನರ ಕಾಲದವೆನ್ನಲಾದ, ಮೃತರ ನೆನಪಿಗಾಗಿ ನಿಲ್ಲಿಸಿದ ಚಿತ್ರಶಿಲೆಗಳು ಭೀಮಾತೀರದಲ್ಲಿ ಸಿಕ್ಕಿವೆ. ಆದುದರಿಂದ ಐರ್ಲೆಂಡಿಗೂ ಕನ್ನಡನಾಡಿಗೂ ಇರುವ ನಂಟು ರಕ್ತದ್ದಲ್ಲ, ನುಡಿಯದ್ದೂ ಅಲ್ಲ, ಕೊಟ್ಟಿಗೆಯದು. ದನವೇ ಧನವಾಗಿದ್ದ, ಬೇಲಿಗಿಂತ ಕತ್ತಿಯೇ ಗಡಿಯನ್ನು ಕಾಯುತ್ತಿದ್ದ ನಾಡುಗಳಲ್ಲಿ ಒಂದೇ ಬಗೆಯ ವೀರನು ಹುಟ್ಟಿದನು. ಋಗ್ವೇದದಲ್ಲಿ ಯುದ್ಧಕ್ಕೆ ‘ಗವಿಷ್ಟಿ’, ಅಂದರೆ ಹಸುಗಳ ಬಯಕೆ, ಎಂಬ ಹೆಸರಿರುವುದಾದರೂ ಇದನ್ನೇ ಸಾರುತ್ತದೆ.

ವೀರನು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬಲ್ಲಿ ಮಾತ್ರ ಎರಡು ನಾಡುಗಳು ಬೇರೆಯಾಗುತ್ತವೆ. ಈ ಭೇದವೇ ವಿಚಾರಾರ್ಹವಾದುದು.

ಕನ್ನಡನಾಡಿನ ವೀರಗಲ್ಲಿನ ಸಾಮಾನ್ಯ ರೂಪವನ್ನು ಊರಮುಂದಿನ ಹನುಮಂತನ ಗುಡಿಯ ಬಳಿ ಬಹುಮಂದಿ ಕಂಡಿರುತ್ತಾರೆ, ಓದಿರುವುದಿಲ್ಲ. ಅದನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ತುರುಗೊಳಾದರೆ ಮೂಲೆಯಲ್ಲಿ ದನಗಳ ಸಾಲು. ನಡುವಣ ಪಟ್ಟಿಕೆಯಲ್ಲಿ ಸತ್ತವನನ್ನು ಇಕ್ಕೆಲಗಳಲ್ಲಿ ಹಿಡಿದು, ಕೆಲವೆಡೆ ವಿಮಾನದಲ್ಲಿ ಕುಳ್ಳಿರಿಸಿ, ಚಾಮರ ಬೀಸುತ್ತ ಒಯ್ಯುವ ಸುರಾಂಗನೆಯರು. ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗ, ನಂದಿ, ಪೂಜೆಗೆ ನಿಂತ ಅರ್ಚಕ. ಎದುರಿಗೆ ಕೈಮುಗಿದು ಕುಳಿತ ವೀರ. ಅವನು ಜೈನನಾದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬ. ಎಲ್ಲಕ್ಕೂ ಮೇಲೆ, ಇವು ಇರುವವರೆಗೂ ಎಂಬ ಸಾಕ್ಷಿಗೆ, ಸೂರ್ಯಚಂದ್ರರು. ಗೆದ್ದವನಿಗೆ ಲಕ್ಷ್ಮಿ, ಸತ್ತವನಿಗೆ ಸುರಾಂಗನೆ ಎಂದು ಸಾರುವ ಸಂಸ್ಕೃತ ಶ್ಲೋಕವು ಅನೇಕ ಕಲ್ಲುಗಳ ಮೇಲೆ ಕಾಣಬರುತ್ತದೆ. ಊರಳಿವು, ಪೆಣ್ಬುಯ್ಯಲ್, ತುರುಗೊಳ್ ಎಂಬ ಮೂರು ಸಂದರ್ಭಗಳಲ್ಲಿ ಯಾವುದರಲ್ಲಿ ಸತ್ತರೂ ಈ ಏಣಿಯು ಸಿದ್ಧವಾಗಿರುತ್ತದೆ.

ಐರ್ಲೆಂಡಿನ ಪರಲೋಕವು ಇಷ್ಟು ಕ್ರಮಬದ್ಧವಲ್ಲ. ಅದು ಮೇಲೆ ಇಲ್ಲ. ಕಾಲಿನ ಕೆಳಗಿದೆ, ಇಲ್ಲವೆ ಸಮುದ್ರದ ಆಚೆಗಿದೆ. ತೂಹಾ ಡೇ ದಾನನ್ ಎಂಬ ದೇವಗಣವು ಭೂಮಿಯನ್ನು ಮನುಷ್ಯರಿಗೆ ಬಿಟ್ಟು ‘ಶೀ’ ಎನ್ನುವ ದಿಬ್ಬಗಳ ಒಳಹೊಕ್ಕಿತೆಂದು ಐತಿಹ್ಯ. ಬಾಯ್ನ್ ನದಿಯ ದಂಡೆಯ ನ್ಯೂಗ್ರೇಂಜ್ ದಿಬ್ಬವು ಅವುಗಳಲ್ಲಿ ಮುಖ್ಯವಾದುದು. ಏಂಗಸನೆಂಬ ದೇವಕುಮಾರನು ಅದನ್ನು ‘ಹಗಲೂ ರಾತ್ರಿಯೂ’ ಇರಲು ಕೊಡೆಂದು ಒಡೆಯನನ್ನು ಬೇಡಿ, ಕಾಲವೆಲ್ಲವೂ ಹಗಲುರಾತ್ರಿಗಳೇ ಅಲ್ಲವೆ ಎಂದು ಶಾಶ್ವತವಾಗಿ ಕಿತ್ತುಕೊಂಡನಂತೆ. ಮೂರು ಹೆಜ್ಜೆಯ ನೆಲವನ್ನು ಬೇಡಿದ ವಾಮನನನ್ನು ಬಲ್ಲವರಿಗೆ ಈ ಯುಕ್ತಿಯನ್ನು ವಿವರಿಸಬೇಕಾಗಿಲ್ಲ. ವಾಸ್ತವದಲ್ಲಿ ಆ ದಿಬ್ಬವು ಕ್ರಿ. ಪೂ. 3200ರ ಸುಮಾರಿಗೆ, ಐರಿಷ್ ಭಾಷೆಯು ಆ ದ್ವೀಪಕ್ಕೆ ಬರುವುದಕ್ಕೂ ಬಹು ಹಿಂದೆ, ಕಟ್ಟಿದ ಸಮಾಧಿ. ಉತ್ತರಾಯಣದ ಆರಂಭದಲ್ಲಿ ಉದಯಸೂರ್ಯನ ಕಿರಣವು ಬಾಗಿಲ ಮೇಲಣ ಕಿಂಡಿಯಿಂದ 19 ಮೀಟರುಗಳ ಓಣಿಯನ್ನು ದಾಟಿ ಗರ್ಭಗೃಹವನ್ನು ಮುಟ್ಟುವುದನ್ನು 1967ರಲ್ಲಿ ಓ’ಕೆಲಿ ಎಂಬ ಉತ್ಖನನಕಾರನು ಒಳಗೆ ಕುಳಿತು ಕಂಡನು. ಕೂಹುಲಿನನ ಅರಸರ ರಾಜಧಾನಿಯಾದ ಎವಿನ್ ಮಾಹಾ ಎಂಬುದು ಇಂದಿನ ಆರ್ಮಾ ನಗರದ ಬಳಿ ಇದೆ. ಅಲ್ಲಿ ಕ್ರಿ. ಪೂ. 95ರ ಸುಮಾರಿಗೆ 40 ಮೀಟರು ವ್ಯಾಸದ ಮರದ ಮಹಾಶಾಲೆಯೊಂದನ್ನು ಕಟ್ಟಿ, ಒಳಗೆ ಕಲ್ಲು ತುಂಬಿ, ಬೇಕೆಂದೇ ಬೆಂಕಿಯಿಟ್ಟು, ಮೇಲೆ ಮಣ್ಣು ಮುಚ್ಚಿ ದಿಬ್ಬ ಮಾಡಿದರು. ಶಾಲೆಯನ್ನೇ ಹವಿಸ್ಸಾಗಿ ಕೊಟ್ಟಂತೆ ತೋರುತ್ತದೆ.

ಇಂತಹ ಲೋಕಕ್ಕೆ ಹೋಗಲು ಸಾಯಬೇಕಾಗಿಲ್ಲ. ಕೊನ್ಲನೆಂಬ ರಾಜಕುಮಾರನನ್ನು ಕರೆಯಲು ಒಬ್ಬ ದಿವ್ಯಸ್ತ್ರೀಯು ಬರುತ್ತಾಳೆ. ಒಂದು ಸೇಬನ್ನು ಎಸೆದು ಹೋಗುತ್ತಾಳೆ. ಅವನು ತಿಂಗಳುಗಟ್ಟಲೆ ತಿಂದರೂ ಅದು ಸವೆಯುವುದಿಲ್ಲ. ಕೊನೆಗೆ ತಂದೆಯ ಕಣ್ಣೆದುರೇ ಗಾಜಿನ ದೋಣಿಯನ್ನು ಹಾರಿ ಹತ್ತಿ ಹೊರಟುಹೋಗುತ್ತಾನೆ. ಬ್ರಾನನೆಂಬವನು ಸ್ತ್ರೀಯರ ದ್ವೀಪದಲ್ಲಿ ಒಂದು ವರ್ಷವೆಂದುಕೊಂಡು ಇದ್ದು ಮರಳುವಷ್ಟರಲ್ಲಿ ಊರಿನಲ್ಲಿ ಅವನ ಹೆಸರು ಹಳೆಯ ಕಥೆಯಾಗಿರುತ್ತದೆ. ಮನೆಯ ಹಂಬಲದಿಂದ ದಡಕ್ಕೆ ನೆಗೆದ ಅವನ ಸಂಗಡಿಗನು ನೆಲ ಮುಟ್ಟಿದೊಡನೆ ಬೂದಿಯಾಗುತ್ತಾನೆ. ಭಾಗವತದ ಕಕುದ್ಮಿಯು ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಒಂದು ಹಾಡು ಮುಗಿಯುವವರೆಗೆ ಕಾದು ನಿಂತಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದುವಷ್ಟೆ. ಆದರೆ ಭಾಗವತಕಾರನು ಕಕುದ್ಮಿಯನ್ನು ಬೂದಿ ಮಾಡಲಿಲ್ಲ. ಮಗಳಿಗೆ ಬಲರಾಮನನ್ನು ಗೊತ್ತುಮಾಡಿ ಅವನನ್ನು ಬದರಿಗೆ ಕಳುಹಿಸಿದನು. ಐರಿಷ್ ಕಥೆಗಾರನಿಗೆ ಆ ಕರುಣೆಯಿಲ್ಲ.

ಕೂಹುಲಿನನೂ ಜೀವಂತನಾಗಿಯೇ ಅಲ್ಲಿಗೆ ಹೋಗಿದ್ದಾನೆ. ದೇವಾಸುರ ಸಂಗ್ರಾಮದಲ್ಲಿ ನೆರವಾಗಲು ದುಷ್ಯಂತನನ್ನು ಇಂದ್ರನು ಕರೆಯಿಸಿಕೊಂಡಂತೆ, ಆ ಲೋಕದ ಅರಸನು ಒಂದು ದಿನದ ಕಾಳಗಕ್ಕೆ ಅವನನ್ನು ಕರೆದನು. ಸಂಭಾವನೆಯಾಗಿ ಫಾಂಡ್ ಎಂಬ ಸುರಾಂಗನೆಯ ಪ್ರಣಯವು ದೊರೆಯಿತು. ಆದರೆ ಅವನ ಹೆಂಡತಿ ಏಮರಳು ಐವತ್ತು ಸ್ತ್ರೀಯರೊಡನೆ ಚೂರಿಗಳನ್ನು ಹಿಡಿದು ಸಂಕೇತಸ್ಥಾನಕ್ಕೇ ಬಂದುಬಿಟ್ಟಳು. ವಾದವಾಯಿತು; ಕಣ್ಣೀರಾಯಿತು; ಕಡೆಗೆ ಫಾಂಡಳೇ ಹಿಂಜರಿದಳು. ಸಮುದ್ರರಾಜನಾದ ಅವಳ ಗಂಡನು ತನ್ನ ಉತ್ತರೀಯವನ್ನು ಇಬ್ಬರ ನಡುವೆ ಬೀಸಿ, ಅವರು ಎಂದಿಗೂ ಕೂಡದಂತೆ ಮಾಡಿದನು.

ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ಏಮರಳಿಗೆ ಎಡೆಯಿಲ್ಲ. ಸುರಾಂಗನೆಯರು ಗಂಡನನ್ನು ಒಯ್ಯುವಾಗ ಹೆಂಡತಿಯು ಎಲ್ಲಿದ್ದಳೆಂದು ಶಿಲ್ಪಿಯು ತೋರಿಸುವುದು ವಿರಳ. ತೋರಿಸಿದರೆ ಪಕ್ಕದ ಮಾಸ್ತಿಕಲ್ಲಿನಲ್ಲಿ, ಬಳೆ ತೊಟ್ಟು ಮೇಲೆತ್ತಿದ ಒಂದು ತೋಳಾಗಿ. ಅವಳ ಮಾತು ಕೇಳಿಬರುವ ಕಲ್ಲುಗಳಲ್ಲಿ ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನ 1057ರ ಶಾಸನವೇ ಅಗ್ರಗಣ್ಯವೆನ್ನಬೇಕು. ಅಲ್ಲಿಯ ದೇಕಬ್ಬೆಯ ಗಂಡನು ರಣದಲ್ಲಿ ಸತ್ತವನಲ್ಲ, ರಾಜದಂಡನೆಯಿಂದ ಸತ್ತವನು. ತಂದೆತಾಯಿಗಳು ಬೇಡವೆಂದು ಕಾಲು ಹಿಡಿದರೂ ಅವಳು ಕೇಳದೆ ಕಿಚ್ಚನ್ನು ಹೊಕ್ಕಳು. ಶಾಸನಕವಿಯು ಅವಳ ದಾರ್ಢ್ಯವನ್ನು ಹೊಗಳಲು ಕುಳಿತವನು. ಆದರೆ ಓದುವವರ ಎದೆಯಲ್ಲಿ ನಿಲ್ಲುವುದು ಹೆತ್ತವರ ಗೋಳೇ. ಆ ಕಲ್ಲಿಗೆ ಬಂದ ಕೀರ್ತಿಯು ಎಷ್ಟೇ ದೊಡ್ಡದಿರಲಿ, ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯುವುದು ಇತಿಹಾಸದ ಓದಲ್ಲ.

ಹೀಗಿರುವಲ್ಲಿ, ವೀರಸ್ವರ್ಗವೆಂಬುದು ಬರಿಯ ಆಮಿಷವೇ ಎಂಬ ಪ್ರಶ್ನೆಯು ಏಳುತ್ತದೆ. ಅರಸರಿಗೆ ಅಗ್ಗದ ಸಂಬಳವಾಗಿ ಸ್ವರ್ಗವನ್ನು ಕೊಡುವುದು ಅನುಕೂಲವಾಗಿತ್ತೆಂದು ಹೇಳುವವರಿದ್ದಾರೆ. ಶಾಸನಗಳನ್ನು ಕೊನೆಯ ಸಾಲಿನವರೆಗೆ ಓದಿದರೆ ಈ ಮಾತು ಅರ್ಧಸತ್ಯವೆಂದು ತಿಳಿಯುತ್ತದೆ. ಸಗ್ಗಕ್ಕೆ ಸಂದನೆಂಬ ಮಾತಿನ ಬೆನ್ನಿಗೇ ಬಹುಕಡೆ ನೆತ್ತರುಗೊಡಗೆಯ ಗದ್ದೆಯ ಅಳತೆಯಿರುತ್ತದೆ. ಸತ್ತವನಿಗೆ ಮೇಲಣ ಲೋಕ, ಮನೆಯವರಿಗೆ ಕೆರೆಯ ಕೆಳಗಣ ಮಣ್ಣು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ, ಸುಮಾರು 5ನೆಯ ಶತಮಾನದ ಹಲ್ಮಿಡಿಯ ಕಲ್ಲು ಕೂಡ ವಿಜಅರಸನೆಂಬ ಭಟನಿಗೆ ಕೊಟ್ಟ ಬಾಳ್ಗಚ್ಚಿನ ದಾಖಲೆಯಲ್ಲದೆ ಬೇರೆಯಲ್ಲ. ಅಂದಮೇಲೆ ಕತ್ತಿಯ ನೆತ್ತರನ್ನು ತೊಳೆದ ಲೆಕ್ಕವನ್ನು ಬರೆಯುವುದರೊಂದಿಗೇ ಈ ಭಾಷೆಯ ಬರೆಹವು ಬೆಳಕಿಗೆ ಬಂದಿತೆನ್ನಬಹುದು.

ಮತ್ತೊಂದು ಭೇದವು ಇದಕ್ಕಿಂತಲೂ ದೊಡ್ಡದು. ಐರ್ಲೆಂಡಿನಲ್ಲಿ ದಿವ್ಯಲೋಕದ ಕರೆಯು ಬರುವುದು ಅರಸುಮಕ್ಕಳಿಗೆ. ಕನ್ನಡದ ವೀರಗಲ್ಲುಗಳಲ್ಲಿ ಊರಗೌಡನೂ ಅವನ ಆಳೂ ತುರು ಕಾಯುವವನೂ ಒಂದೇ ವಿಮಾನವನ್ನು ಏರುತ್ತಾರೆ. ನಾಯಿಗೂ ಕಲ್ಲು ಸಲ್ಲುತ್ತದೆ. ಎಂ. ಚಿದಾನಂದಮೂರ್ತಿಗಳು 1966ರಲ್ಲಿ ಪ್ರಕಟಿಸಿದ ಶಾಸನಗಳ ಸಾಂಸ್ಕೃತಿಕ ಅಧ್ಯಯನವೂ, ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಅವರ 1982ರ ಸ್ಮಾರಕಶಿಲೆಗಳ ಗ್ರಂಥವೂ ಈ ಸಾಮಾನ್ಯರ ಸಾವಿನ ಕಡೆಗೆ ವಿದ್ವಾಂಸರ ದೃಷ್ಟಿಯನ್ನು ತಿರುಗಿಸಿದವು. ಆದರೆ ಈ ಸಾಮಾನ್ಯರ ಕಥೆಯು ಎಷ್ಟು ಉಳಿದಿದೆ? ಹೆಸರು, ಊರು, ವರ್ಷ, ಕಾದಿ ಸತ್ತನೆಂಬ ಒಂದು ಕ್ರಿಯಾಪದ, ಅಷ್ಟೇ. ಕೂಹುಲಿನನಿಗಾದರೋ ನೂರಾರು ಪುಟಗಳ ಕಥೆಯಿದೆ. ಹುಟ್ಟಿದ ವರ್ಷವಿಲ್ಲ, ಅಂತಹವನೊಬ್ಬನು ಇದ್ದನೆಂಬುದಕ್ಕೇ ಪ್ರಮಾಣವಿಲ್ಲ. ಅಲ್ಲಿ ಕಥೆಯುಂಟು, ಆಳಿಲ್ಲ. ಇಲ್ಲಿ ಆಳುಂಟು, ಕಥೆಯಿಲ್ಲ.

ಆ ಕಥೆಯಾದರೂ ಉಳಿದುದು ಅದನ್ನು ನಂಬದವರಿಂದ. ‘ತಾಯಿನ್’ ಕಾವ್ಯವನ್ನು ಹನ್ನೆರಡನೆಯ ಶತಮಾನದಲ್ಲಿ ಪ್ರತಿಮಾಡಿದ ಕ್ರೈಸ್ತ ಲಿಪಿಕಾರನು, ಒಂದಕ್ಷರ ಬದಲಿಸದೆ ಇದನ್ನು ನೆನಪಿಡುವವರಿಗೆ ಮಂಗಳವಾಗಲೆಂದು ಐರಿಷಿನಲ್ಲಿ ಹರಸಿದನು. ಅದರ ಕೆಳಗೇ, ಇದರಲ್ಲಿ ಕೆಲವು ಪಿಶಾಚಿಗಳ ವಂಚನೆ, ಕೆಲವು ಕವಿಗಳ ಕಟ್ಟುಕಥೆ, ಕೆಲವು ಮೂಢರ ವಿನೋದಕ್ಕೆ, ತನಗೇನೂ ಇದರಲ್ಲಿ ವಿಶ್ವಾಸವಿಲ್ಲವೆಂದು ಲ್ಯಾಟಿನಿನಲ್ಲಿ ಬರೆದನು. ಮಾತೃಭಾಷೆಯಲ್ಲಿ ಮಮತೆ, ಮಠದ ಭಾಷೆಯಲ್ಲಿ ನಿಷ್ಠೆ! ಎರಡನ್ನೂ ಅವನು ಮನಸಾರ ಬರೆದನೆಂದೇ ಭಾವಿಸಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಐರಿಷರು ಈ ಕಥೆಗಳನ್ನು ಮರಳಿ ಹುಡುಕಿಕೊಂಡರು. ಲೇಡಿ ಗ್ರೆಗರಿಯು 1902ರಲ್ಲಿ ಕೂಹುಲಿನನ ಕಥೆಯನ್ನು ಜನರ ನುಡಿಯಲ್ಲಿ ಬರೆದಳು. ಏಟ್ಸ್ ಕವಿಯು ನಾಟಕಗಳನ್ನು ರಚಿಸಿದನು. ಆ ಪುನರುಜ್ಜೀವನದ ಬಳಗದವನೇ ಆದ ಬೆಲ್‌ಫಾಸ್ಟಿನ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ನೆಲೆಸಿದನು. 1924ರಲ್ಲಿ ಮೈಸೂರಿನಲ್ಲಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಬಂದ ತರುಣನೊಬ್ಬನಿಗೆ, ಮಾತೃಭಾಷೆಯಲ್ಲಿ ಬರೆಯಬಾರದೇಕೆಂದು ಕೇಳಿದವನು ಅವನೇ. ತರುಣನು ಕುವೆಂಪು ಆಗಿದ್ದನೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕೇಳಿದವನು ಯಾವ ನಾಡಿನ ಯಾವ ಅನುಭವದಿಂದ ಆ ಮಾತನ್ನು ಕೇಳಿದನೆಂಬುದನ್ನು ಮಾತ್ರ ನೆನೆಯುವವರು ಕಡಿಮೆ.

ಕೂಹುಲಿನನ ಸಾವಿಗೂ ಒಂದು ಕಲ್ಲಿದೆ. ಕರುಳು ಹೊರಬಿದ್ದ ಮೇಲೆ ಅವನು ಬಯಲಿನ ಒಂದು ನಿಲುಗಲ್ಲಿಗೆ ತನ್ನ ನಡುಪಟ್ಟಿಯಿಂದ ತನ್ನನ್ನು ಬಿಗಿದುಕೊಂಡು, ನಿಂತೇ ಸತ್ತನು. ಯುದ್ಧದೇವತೆಯು ಕಾಗೆಯಾಗಿ ಹೆಗಲ ಮೇಲೆ ಕುಳಿತ ಮೇಲೆಯೇ ಶತ್ರುಗಳಿಗೆ ಹತ್ತಿರ ಬರುವ ಧೈರ್ಯ ಬಂದಿತು. ಲೌತ್ ಸೀಮೆಯಲ್ಲಿ ಇಂದಿಗೂ ಆ ಕಲ್ಲನ್ನು ತೋರಿಸುತ್ತಾರೆ. ಅದರ ಮೇಲೆ ಅಕ್ಷರವಿಲ್ಲ, ಸುರಾಂಗನೆಯರಿಲ್ಲ. ಆಲಿವರ್ ಶೆಪರ್ಡ್ ಎಂಬ ಶಿಲ್ಪಿಯು ಆ ನಿಲುವನ್ನೇ ರೂಪಿಸಿದ ಕಂಚಿನ ಪ್ರತಿಮೆಯನ್ನು 1935ರಲ್ಲಿ ಡಬ್ಲಿನ್ನಿನ ದೊಡ್ಡ ಅಂಚೆಕಚೇರಿಯಲ್ಲಿ, 1916ರ ದಂಗೆಯಲ್ಲಿ ಮಡಿದವರ ಸ್ಮಾರಕವಾಗಿ ಇಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಯುರೋಪದ ರಾಜಧಾನಿಯೊಂದರಲ್ಲಿ ನಿಂತ ವೀರಗಲ್ಲೆಂದೇ ಅದನ್ನು ಕರೆದರೆ ತಪ್ಪಾಗದು.

ಕನ್ನಡನಾಡಿನ ಕಲ್ಲುಗಳ ಗತಿಯು ಊರೂರಿಗೆ ಬೇರೆ. ಕೆಲವು ಎಣ್ಣೆಕುಂಕುಮಗಳಿಂದ ದೇವರಾಗಿವೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಚಿತ್ರವು ಕೆಳಮೊಗವಾದುದರಿಂದಲೇ ಸವೆಯದೆ ಉಳಿದಿವೆ. ಕೆಲವು ಹೊಸ ಗೋಡೆಗಳೊಳಗೆ ಸೇರಿವೆ. ಕಥೆಯಿಲ್ಲದ ವೀರನಿಗೆ ಕಲ್ಲೇ ಜೀವ; ಅದು ಹೋದರೆ ಅವನ ವಿಷಯದಲ್ಲಿ ಐತಿಹ್ಯವೂ ಉಳಿಯುವುದಿಲ್ಲ. ಕಾಳಿಯ ಕಲ್ಲು ಸುರಕ್ಷಿತವಾದವುಗಳಲ್ಲಿ ಒಂದು. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆ ಶಾಸನದ ಕೊನೆಯಲ್ಲಿ ಒಂದು ವಿಧಿಯುಂಟು: ಗದ್ದೆಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವನ್ನು ಅವನು ಹೊರುವನೆಂದು. ಹಂದಿಯ ಮೇಲೆ ಬಿಟ್ಟಾಗ ಹಿಂಜರಿಯದೆ ಸತ್ತ ಆ ನಾಯಿಯು ಮಾಡಿದ ಪಾಪವೇನೆಂಬುದನ್ನು ಶಾಸನವು ಹೇಳುವುದಿಲ್ಲ.